64 ಕೆ.ಬಿ.ಯಲ್ಲಿ ಒಂದು ಕೆರೆ, ಒಂದು ಆಲದಮರ

ಫೈನಲ್ ಇಯರ್ ಮುಗಿಯುವ ಹೊತ್ತಿಗೆ ಮೊಬೈಲ್ ಗೇಮ್ ಮಾಡುವ ಒಂದು ಸಣ್ಣ ಕಂಪನಿಗೆ ಅರ್ಜಿ ಹಾಕಿದ್ದೆ. ಅವರು ಕೊಟ್ಟ ಟೆಸ್ಟ್ ಇಷ್ಟೇ: ‘ಆಟಗಾರ ಎಡದಿಂದ ಬಲಕ್ಕೆ ಓಡುತ್ತಾನೆ. ಅವನ ಹಿಂದೆ ಒಂದು ಹಳ್ಳಿ ಕಾಣಬೇಕು. ಹಿನ್ನೆಲೆ ಚಿತ್ರ ಮಾಡಿ ಕಳಿಸಿ. ಐದು ದಿನ ಟೈಮ್.’

ಐದು ದಿನವೂ ನಿದ್ದೆಗೆಟ್ಟು ನಮ್ಮೂರಿನ ಕೆರೆ ಏರಿ, ಅದರ ಮೇಲಿನ ಆಲದಮರ, ಹಿಂದೆ ಮುಳುಗುವ ಸೂರ್ಯನನ್ನು ಬರೆದೆ. ಒಂದು ಎಲೆಯಂತೆ ಇನ್ನೊಂದು ಎಲೆ ಇರಲಿಲ್ಲ. ಬಿಳಲುಗಳ ನಡುವೆ ಬಿದ್ದ ಬೆಳಕಿಗೇ ಒಂದು ರಾತ್ರಿ ಕೊಟ್ಟಿದ್ದೆ. 4096 ಅಡ್ಡ, 4096 ಉದ್ದ ಪಿಕ್ಸೆಲ್‌ಗಳ ಚಿತ್ರ. ನನ್ನ ಹಳೇ ಲ್ಯಾಪ್‌ಟಾಪ್ ಸೇವ್ ಮಾಡುವಾಗ ಮೂರು ಸಲ ಹ್ಯಾಂಗ್ ಆಗಿತ್ತು.

ವಾರದ ನಂತರ ಎರಡೇ ಸಾಲಿನ ಉತ್ತರ ಬಂತು. ‘ಚಿತ್ರ ತುಂಬಾ ಚೆನ್ನಾಗಿದೆ. ಆದರೆ ಆಟದಲ್ಲಿ ಬಳಸಲು ಬರುವುದಿಲ್ಲ.’

ಚೆನ್ನಾಗಿಲ್ಲ ಎಂದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಚೆನ್ನಾಗಿದ್ದೂ ಬಳಕೆಗೆ ಬಾರದು ಎಂದರೆ ಏನರ್ಥ? ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರ್ ಬಳಿ ಚಿತ್ರ ಒಯ್ದು ತೋರಿಸಿದೆ. ಅವರು ಚಿತ್ರ ನೋಡಲಿಲ್ಲ, ಅಳತೆ ನೋಡಿದರು. ಹಳೇ ಪ್ರಿಂಟೌಟಿನ ಹಿಂಬದಿಯಲ್ಲಿ ಲೆಕ್ಕ ಬರೆದರು. 4096ನ್ನು 4096ರಿಂದ ಗುಣಿಸಿದರೆ ಸುಮಾರು ಒಂದು ಕೋಟಿ 67 ಲಕ್ಷ ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 4 ಬೈಟ್. ಒಟ್ಟು 64 ಎಂ.ಬಿ.

‘ಸರ್, ಫೈಲ್ ಅಷ್ಟು ದೊಡ್ಡದಿಲ್ಲವಲ್ಲ?’ ಎಂದೆ.

‘ಫೈಲ್ ಅಂದ್ರೆ ಮಡಚಿಟ್ಟ ಹಾಸಿಗೆ. ಆಟ ನಡೆಯುವಾಗ ಅದನ್ನ ಮೆಮೊರಿಯಲ್ಲಿ ಬಿಚ್ಚಿ ಹಾಸಬೇಕು. ಕುಗ್ಗಿಸುವ ಉಪಾಯ ಇವೆ, ಆದರೂ ಒಂದು ದೃಶ್ಯಕ್ಕೇ ಇಷ್ಟು ಹಾಸಿದರೆ ಉಳಿದ ದೃಶ್ಯ ಎಲ್ಲಿ ಮಲಗಬೇಕು?’ ಎಂದವರೇ ಇನ್ನೊಂದು ಸಾಲು ಬರೆದರು. ‘ಕಮೊಡೋರ್ 64 ಅಂತ ಒಂದು ಕಂಪ್ಯೂಟರ್ ಇತ್ತು. ಅದರ ಪೂರ್ತಿ ಮೆಮೊರಿ 64 ಕೆ.ಬಿ. ನಿನ್ನ ಈ ಒಂದು ಮರಕ್ಕೆ ಅಂಥ 1024 ಕಂಪ್ಯೂಟರ್ ಬೇಕು. ಆ 64 ಕೆ.ಬಿ.ಯೊಳಗೆ ಇಡೀ ಆಟವನ್ನೇ ಕೂರಿಸಿದವರು ಹಿನ್ನೆಲೆ ಹೇಗೆ ಬರೀತಿದ್ರು ಅಂತ ಒಂದು ಸಲ ನೋಡು.’

ನೋಡಲು ಕೂತವಳು ಎರಡು ತಿಂಗಳು ಏಳಲಿಲ್ಲ. ಅಲ್ಲಿ ಕಂಡಿದ್ದನ್ನು ನನ್ನಂತೆ ಪೋರ್ಟ್‌ಫೋಲಿಯೊ ಹಿಡಿದು ಅಲೆಯುತ್ತಿರುವ ಗೆಳೆಯರ ಜತೆ ಹಂಚಿಕೊಳ್ಳಬೇಕು ಅನ್ನಿಸಿತು.

ಟಿ.ವಿ.ಗೆ ಸಿಕ್ಕಿಸುವ ಕಂಪ್ಯೂಟರ್

1982ರಲ್ಲಿ ಎರಡು ಕಂಪ್ಯೂಟರ್‌ಗಳು ಬಂದವು. ಬ್ರಿಟನ್ನಿನಲ್ಲಿ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್, ಅಮೆರಿಕದಲ್ಲಿ ಕಮೊಡೋರ್ 64. ನೋಡಲು ಬರೀ ಒಂದು ಕೀಬೋರ್ಡ್. ಮನೆಯ ಟಿ.ವಿ.ಯೇ ಅದರ ಪರದೆ. ಹಾಡು ಕೇಳುವಂಥ ಕ್ಯಾಸೆಟ್ಟಿನಲ್ಲೇ ಆಟಗಳು ಬರುತ್ತಿದ್ದವು. ಟೇಪ್ ರೆಕಾರ್ಡರ್ ಹಚ್ಚಿ ಹಲವು ನಿಮಿಷ ಕಾದರೆ ಆಟ ಶುರು. ಸ್ಪೆಕ್ಟ್ರಮ್ 16 ಮತ್ತು 48 ಕೆ.ಬಿ.ಯ ಎರಡು ಮಾದರಿಗಳಲ್ಲಿ ಸಿಗುತ್ತಿತ್ತು. ಇಂದು ಬೆಳಗಾದರೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಚಿತ್ರಗಳಲ್ಲಿ ಹೆಚ್ಚಿನವು ಅದಕ್ಕಿಂತ ದೊಡ್ಡವು.

ಅದೇ ಕಾಲದ ಇನ್ನೊಂದು ಯಂತ್ರ ಬಿಬಿಸಿ ಮೈಕ್ರೊ. ಇದಕ್ಕೂ ನಮಗೂ ನಂಟಿದೆ. 1984–85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ‘ಕ್ಲಾಸ್’ ಯೋಜನೆ ಆರಂಭಿಸಿದಾಗ ಭಾರತದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ನಮ್ಮ ಲ್ಯಾಬ್ ಸರ್ ಜೀವನದಲ್ಲಿ ಮೊದಲು ಮುಟ್ಟಿದ ಕಂಪ್ಯೂಟರ್ ಕೂಡ ಅದೇ ಅಂತೆ.

ಈ ಯಂತ್ರಗಳಿಗೆ ಚಿತ್ರ ಬರೆಯುವವರಿಗೆ ಫೋಟೊಶಾಪ್ ಇರಲಿಲ್ಲ. ಆರಂಭದ ವರ್ಷಗಳಲ್ಲಿ ಬಹಳಷ್ಟು ಮಂದಿ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚೌಕ ತುಂಬಿ, ಸಾಲು ಸಾಲಾಗಿ ಸಂಖ್ಯೆ ಮಾಡಿ ಟೈಪ್ ಮಾಡುತ್ತಿದ್ದರು. ನೀವೂ ಈಗಲೇ ಮಾಡಿ ನೋಡಬಹುದು. ಎಂಟು ಅಡ್ಡ, ಎಂಟು ಉದ್ದದ ಚೌಕ ಎಳೆಯಿರಿ. ಮೇಲೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬರೆಯಿರಿ. ಒಂದು ಸಾಲಿನಲ್ಲಿ ತುಂಬಿದ ಚೌಕಗಳ ಮೇಲಿನ ಸಂಖ್ಯೆಗಳನ್ನು ಕೂಡಿದರೆ ಆ ಸಾಲಿನ ಸಂಖ್ಯೆ ಸಿಗುತ್ತದೆ. ಈಗ 254, 254, 254, 0, 239, 239, 239, 0 ಎಂಬ ಎಂಟು ಸಂಖ್ಯೆಗಳನ್ನು ಚೌಕದಲ್ಲಿ ತುಂಬಿ. ಮೊದಲ ಮೂರು ಸಾಲಿನಲ್ಲಿ ಕೊನೆಯ ಚೌಕ ಖಾಲಿ, ನಾಲ್ಕನೆಯ ಸಾಲು ಪೂರ್ತಿ ಖಾಲಿ, ಮುಂದಿನ ಮೂರರಲ್ಲಿ ನಡುವಿನ ಒಂದು ಚೌಕ ಖಾಲಿ, ಕೊನೆಯ ಸಾಲು ಮತ್ತೆ ಖಾಲಿ. ಇದೇ ತುಂಡನ್ನು ಪಕ್ಕಪಕ್ಕ, ಮೇಲೆ ಕೆಳಗೆ ಜೋಡಿಸುತ್ತ ಹೋಗಿ. ಇಟ್ಟಿಗೆ ಗೋಡೆ ಎದ್ದು ನಿಲ್ಲುತ್ತದೆ. ಗೋಡೆ ಎಷ್ಟೇ ಉದ್ದವಿರಲಿ, ಅದರ ಚಿತ್ರಕ್ಕೆ ತಗಲುವ ಖರ್ಚು ಎಂಟೇ ಬೈಟ್.

ಮೊದಲು ಲೆಕ್ಕ, ಆಮೇಲೆ ಕುಂಚ

ಕಮೊಡೋರ್ 64ರ ಪರದೆ 320 ಅಡ್ಡ, 200 ಉದ್ದ ಚುಕ್ಕಿಗಳದ್ದು. ಚುಕ್ಕಿ ಚುಕ್ಕಿಯನ್ನೂ ಬೇರೆಯಾಗಿ ಬರೆದರೆ ಒಂದು ಪರದೆಯ ಆಕಾರಕ್ಕೇ 8000 ಬೈಟ್, ಮೇಲೆ ಬಣ್ಣಕ್ಕೆ 1000 ಬೈಟ್. ಇಂಥ ಏಳು ಚಿತ್ರ ಇಟ್ಟರೆ ಇಡೀ ಮೆಮೊರಿ ಮುಗಿಯಿತು. ಸಂಗೀತ, ಶತ್ರುಗಳು, ಆಟದ ಪ್ರೋಗ್ರಾಂ, ಯಾವುದಕ್ಕೂ ಜಾಗವಿಲ್ಲ.

ಅದಕ್ಕೇ ಹೆಚ್ಚಿನ ಆಟಗಳು ಇನ್ನೊಂದು ದಾರಿ ಹಿಡಿದವು. ಪರದೆಯನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಒಡೆದರೆ 40 ಅಡ್ಡ, 25 ಉದ್ದ, ಒಟ್ಟು 1000 ಚೌಕ. ಮನೆಯ ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ. 256 ಬಗೆಯ ಟೈಲ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಒಂದಕ್ಕೆ 8 ಬೈಟ್, ಒಟ್ಟು 2048. ಆಮೇಲೆ ‘ಈ ಚೌಕದಲ್ಲಿ 17ನೇ ಟೈಲ್, ಅದರ ಪಕ್ಕ 42ನೇ ಟೈಲ್’ ಎಂದು ಸಂಖ್ಯೆ ಹೇಳಿದರೆ ಸಾಕು. ಒಂದು ಪರದೆಗೆ 1000 ಸಂಖ್ಯೆ, ಅಂದರೆ 1000 ಬೈಟ್.

ಹತ್ತು ದೃಶ್ಯಗಳ ಒಂದು ಆಟ ಎಂದುಕೊಳ್ಳಿ. ಬಣ್ಣದ ಲೆಕ್ಕ ಪಕ್ಕಕ್ಕಿಟ್ಟರೂ ಚುಕ್ಕಿ ಚುಕ್ಕಿಯಾಗಿ ಬರೆದರೆ 80,000 ಬೈಟ್. ಅದು ಮೆಮೊರಿಗಿಂತ ದೊಡ್ಡದು. ಟೈಲ್‌ನಲ್ಲಾದರೆ 12,048. ಇನ್ನೂ ಉಳಿಸಬೇಕೆ? ನಾಲ್ಕು ಅಡ್ಡ, ನಾಲ್ಕು ಉದ್ದ ಟೈಲ್ ಸೇರಿಸಿ ಒಂದು ದೊಡ್ಡ ತುಂಡು ಮಾಡಿ. ಕಿಟಕಿ ಒಂದು ತುಂಡು, ಮರದ ಬುಡ ಒಂದು ತುಂಡು. ಇಂಥ 64 ತುಂಡಿಗೆ 1024 ಬೈಟ್. ಪರದೆಯ ಕೆಳಗಿನ ಐದು ಸಾಲು ಸ್ಕೋರಿಗೆ ಬಿಟ್ಟರೆ ಉಳಿದ 20 ಸಾಲಿಗೆ ಬೇಕಾಗುವುದು ಬರೀ 50 ತುಂಡು. ಒಂದು ದೃಶ್ಯಕ್ಕೆ 50 ಬೈಟ್! ಹತ್ತು ದೃಶ್ಯ ಮತ್ತು ಸಾಮಗ್ರಿ ಎಲ್ಲ ಸೇರಿ 3572 ಬೈಟ್.

ಲಾಭ ಜಾಗದ್ದಷ್ಟೇ ಅಲ್ಲ, ವೇಗದ್ದೂ ಇದೆ. ಆ ಯಂತ್ರದ ಪ್ರೊಸೆಸರ್ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಮಿಡಿತದ್ದು, ಅಂದರೆ 1 ಮೆಗಾಹರ್ಟ್ಸ್. ನಾಯಕ ಓಡಿದಾಗ ಹಿನ್ನೆಲೆ ಹಿಂದಕ್ಕೆ ಸರಿಯಬೇಕು. 8000 ಬೈಟ್ ಎತ್ತಿ ಪಕ್ಕಕ್ಕಿಡುವಷ್ಟರಲ್ಲಿ ಯಂತ್ರಕ್ಕೆ ಏದುಸಿರು. ಟೈಲ್ ಇದ್ದರೆ 1000 ಸಂಖ್ಯೆಯನ್ನು ಸರಿಸಿದರೆ ಆಯಿತು. ಎಂಟು ಚುಕ್ಕಿಯೊಳಗಿನ ಸಣ್ಣ ಸರಿದಾಟವನ್ನು ಚಿತ್ರ ತೋರಿಸುವ ಚಿಪ್ಪೇ ಮಾಡಿಕೊಡುತ್ತಿತ್ತು.

ಇದನ್ನೆಲ್ಲ ಓದಿದಾಗ ನನ್ನ ಕೆರೆ ಏರಿಯ ಚಿತ್ರ ಯಾಕೆ ಸೋತಿತು ಎಂಬುದು ಅರ್ಥವಾಯಿತು. ಯಾವ ಎಲೆಯೂ ಇನ್ನೊಂದರಂತೆ ಇಲ್ಲ ಎಂದು ನಾನು ಹೆಮ್ಮೆಪಟ್ಟಿದ್ದೆನಲ್ಲ, ಅದೇ ಅದರ ತೊಂದರೆ. ಮತ್ತೆ ಬಳಸಬಹುದಾದ ಒಂದು ತುಂಡೂ ಅದರಲ್ಲಿರಲಿಲ್ಲ.

ಬಣ್ಣಗಳ ಜಗಳ

ಸ್ಪೆಕ್ಟ್ರಮ್‌ನ ಕಷ್ಟ ಬೇರೆ ಥರದ್ದು. ಅದರ ಪರದೆ 256 ಅಡ್ಡ, 192 ಉದ್ದ. ಆಕಾರಕ್ಕೆ 6144 ಬೈಟ್. ಬಣ್ಣಕ್ಕೆ ಬರೀ 768 ಬೈಟ್. ಹೇಗೆಂದರೆ, ಎಂಟಕ್ಕೆ ಎಂಟರ ಒಂದು ಚೌಕದಲ್ಲಿ ಎರಡೇ ಬಣ್ಣ ಇರಬಹುದು. ಮೂರನೆಯದು ಬರುವಂತಿಲ್ಲ.

ಹಸಿರು ಮರದ ಮುಂದೆ ಕೆಂಪಂಗಿಯ ನಾಯಕ ಬಂದ ಎನ್ನಿ. ಆ ಚೌಕದಲ್ಲಿ ಕಪ್ಪು, ಹಸಿರು ಮೊದಲೇ ಇವೆ. ಒಂದೋ ನಾಯಕ ಹಸಿರಾಗುತ್ತಾನೆ, ಇಲ್ಲವೇ ಮರದ ತುಂಡೊಂದು ಕೆಂಪಾಗುತ್ತದೆ. ಒಗೆದ ಬಟ್ಟೆಯ ಬಣ್ಣ ಪಕ್ಕದ ಬಟ್ಟೆಗೆ ಹತ್ತಿದ ಹಾಗೆ. ಕಮೊಡೋರ್‌ನಲ್ಲಿ ನಾಯಕನನ್ನು ಹಿನ್ನೆಲೆಯ ಮೇಲೆ ಬೇರೆಯೇ ಪದರದಲ್ಲಿ ಕೂರಿಸುವ ಸೌಲಭ್ಯವಿತ್ತು. ಅಂಥ ಎಂಟು ಗೊಂಬೆಗಳನ್ನು ಚಿಪ್ಪೇ ನೋಡಿಕೊಳ್ಳುತ್ತಿತ್ತು. ಸ್ಪೆಕ್ಟ್ರಮ್‌ಗೆ ಆ ಭಾಗ್ಯವಿರಲಿಲ್ಲ.

ಹಾಗಾಗಿ ಸ್ಪೆಕ್ಟ್ರಮ್‌ಗೆ ಹಿನ್ನೆಲೆ ಬರೆಯುವವರು ನಾಯಕ ಎಲ್ಲೆಲ್ಲಿ ಓಡಾಡುತ್ತಾನೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕಿತ್ತು. ಅವನ ದಾರಿಯನ್ನು ಕಪ್ಪಾಗಿ ಬಿಟ್ಟು, ಬಣ್ಣವನ್ನೆಲ್ಲ ಅವನು ಮುಟ್ಟದ ಕಡೆ ಇಡುವುದು ಒಂದು ಉಪಾಯ. 1984ರ ‘ನೈಟ್ ಲೋರ್’ ಆಟ ಇನ್ನೂ ಗಟ್ಟಿ ನಿರ್ಧಾರ ಮಾಡಿತು. ಕೋಣೆಗಳನ್ನು ಓರೆಯಾಗಿ, ಆಳ ಕಾಣುವಂತೆ ಬರೆದು, ಒಂದು ಕೋಣೆಗೆ ಕಪ್ಪಿನ ಜತೆ ಒಂದೇ ಬಣ್ಣ ಕೊಟ್ಟಿತು. ಬಣ್ಣ ಬಿಟ್ಟುಕೊಟ್ಟು ಕಲ್ಲು, ಮೆಟ್ಟಿಲು, ಕಮಾನುಗಳ ನೆರಳು–ಬೆಳಕನ್ನು ಚುಕ್ಕಿಗಳಲ್ಲೇ ತಂದರು. ಇಂದಿಗೂ ಅದರ ಚಿತ್ರ ನೋಡಿದರೆ ಬಣ್ಣ ಕಡಿಮೆಯಾಯಿತು ಅನ್ನಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮ್ಯಾಥ್ಯೂ ಸ್ಮಿತ್ ಎಂಬ ಹುಡುಗನ ಕಥೆ. 1983ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ‘ಮ್ಯಾನಿಕ್ ಮೈನರ್’ ಎಂಬ ಆಟ ಮಾಡಿದ. 20 ಗುಹೆಗಳು. ಒಂದು ಗುಹೆ 32 ಅಡ್ಡ, 16 ಉದ್ದ, ಒಟ್ಟು 512 ಚೌಕ. ಚೌಕಕ್ಕೊಂದು ಬೈಟ್‌ನಂತೆ 512 ಬೈಟ್. ಮರುವರ್ಷ ಅದರ ಮುಂದುವರಿಕೆಯಾಗಿ ‘ಜೆಟ್ ಸೆಟ್ ವಿಲ್ಲಿ’ ಮಾಡುವಾಗ ಅವನಿಗೆ ಒಂದು ದೊಡ್ಡ ಬಂಗಲೆಯೇ ಬೇಕಿತ್ತು, ಸುಮಾರು 60 ಕೋಣೆಗಳದ್ದು. ಹಳೇ ಲೆಕ್ಕದಲ್ಲಿ ಹೋದರೆ ವಿನ್ಯಾಸಕ್ಕೇ 30 ಸಾವಿರ ಬೈಟ್ ದಾಟುತ್ತಿತ್ತು.

ಅವನು ಒಂದು ಚೌಕದಲ್ಲಿ ನಿಜವಾಗಿ ಏನೇನು ಇರಬಹುದು ಎಂದು ಎಣಿಸಿದ. ಖಾಲಿ, ನಿಲ್ಲುವ ನೆಲ, ದಾಟಲಾಗದ ಗೋಡೆ, ಮುಟ್ಟಿದರೆ ಸಾಯುವ ವಸ್ತು. ನಾಲ್ಕೇ! ನಾಲ್ಕು ಬಗೆಯನ್ನು ಗುರುತಿಸಲು ಎರಡು ಬಿಟ್ ಸಾಕು. ಒಂದು ಬೈಟ್‌ನಲ್ಲಿ ನಾಲ್ಕು ಚೌಕ ಹಿಡಿಯುತ್ತವೆ. ಇಳಿಜಾರಿನಂಥ ವಿಶೇಷಗಳನ್ನು ಬೇರೆಯಾಗಿ ಬರೆದಿಟ್ಟ. ಕೋಣೆಯ ವಿನ್ಯಾಸ 512ರಿಂದ 128 ಬೈಟ್‌ಗೆ ಇಳಿಯಿತು. 20 ಗುಹೆಗೆ 10,240 ಬೈಟ್ ಬೇಕಾಗಿದ್ದರೆ, 60 ಕೋಣೆಗೆ ಬೇಕಾದದ್ದು 7,680. ಮೂರು ಪಟ್ಟು ದೊಡ್ಡ ಲೋಕ, ಜಾಗ ಮಾತ್ರ ಮೊದಲಿಗಿಂತ ಕಡಿಮೆ.

ಮತ್ತೆ ಮತ್ತೆ ಬಂದರೂ ಗೊತ್ತಾಗಬಾರದು

ಟೈಲ್ ಬಳಸಿದರೆ ಒಂದೇ ಚಿತ್ರ ಮತ್ತೆ ಮತ್ತೆ ಬಂದು ಬೋರಾಗುವುದಿಲ್ಲವೇ? ಖಂಡಿತ ಆಗುತ್ತದೆ. ಅದನ್ನು ಮರೆಸುವುದೇ ಕಸುಬು.

ಚಿಕ್ಕಂದಿನಲ್ಲಿ ಟಿ.ವಿ. ಗೇಮ್ ಕ್ಯಾಸೆಟ್ ಹಾಕಿ ಮಾರಿಯೊ ಆಡಿದ ಅಣ್ಣ–ಅಕ್ಕಂದಿರನ್ನು ಕೇಳಿ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಆಕಾರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಎಷ್ಟು ಸಾವಿರ ಸಲ ನೋಡಿದ್ದೇವೆ, ಗೊತ್ತೇ ಆಗಿರಲಿಲ್ಲ ಅಲ್ಲವೇ? ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದುದರಿಂದ ಕಣ್ಣು ಎರಡನ್ನೂ ಜೋಡಿಸಿ ನೋಡುವುದಿಲ್ಲ.

ಇನ್ನೂ ಕೆಲವು ಉಪಾಯಗಳಿವೆ. ಗೋಡೆಯ ಟೈಲ್ ಒಂದೇ ಇರಲಿ, ಅಲ್ಲೊಂದು ಇಲ್ಲೊಂದು ಬಿರುಕು ಬಿಟ್ಟ ಇಟ್ಟಿಗೆ ಇಟ್ಟರೆ ಇಡೀ ಗೋಡೆ ಹಳೆಯದಾಗಿ ಕಾಣುತ್ತದೆ. ಎರಡು ಬಣ್ಣದ ಚುಕ್ಕಿಗಳನ್ನು ಚದುರಂಗದ ಮಣೆಯಂತೆ ಇಟ್ಟರೆ ಅಂದಿನ ಟಿ.ವಿ.ಯ ಮಬ್ಬಿನಲ್ಲಿ ಅವು ಬೆರೆತು ಮೂರನೆಯ ಬಣ್ಣದಂತೆ ಕಾಣುತ್ತಿದ್ದವು. ಬೆಳಕು ಎಡಗಡೆ ಮೇಲಿನಿಂದ ಬೀಳುತ್ತದೆ ಎಂದು ನಿರ್ಧರಿಸಿ ಎಲ್ಲ ಟೈಲ್‌ಗಳಲ್ಲೂ ಅದನ್ನೇ ಪಾಲಿಸಿದರೆ ಚಪ್ಪಟೆ ಪರದೆಯಲ್ಲಿ ಉಬ್ಬು ಮೂಡುತ್ತದೆ. ಆ್ಯಂಡ್ರೂ ಬ್ರೇಬ್ರೂಕ್ ಅವರ ‘ಯುರಿಡಿಯಮ್’ (1986) ಆಟದ ಲೋಹದ ಹಡಗುಗಳು ಹೀಗೆಯೇ ಕೆತ್ತಿದಂತೆ ಕಾಣುತ್ತವೆ.

ಚಿತ್ರ ಬರೆಯಲೇ ಜಾಗವಿಲ್ಲದಿದ್ದರೆ? ಅದಕ್ಕೂ ಉತ್ತರ ಕಂಡುಕೊಂಡವರು ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್. ನಮ್ಮ ಶಾಲೆಗಳಿಗೂ ಬಂದಿದ್ದ ಬಿಬಿಸಿ ಮೈಕ್ರೊದಲ್ಲಿ 1984ರಲ್ಲಿ ‘ಎಲೀಟ್’ ಆಟ ಮಾಡಿದರು. ಮೆಮೊರಿ 32 ಕೆ.ಬಿ. ಎಂಟು ಬಣ್ಣದ ಪರದೆ ಬೇಕೆಂದರೆ ಅದರಲ್ಲಿ 20 ಕೆ.ಬಿ. ಪರದೆಗೇ ಹೋಗುತ್ತದೆ. ಅವರು ಪರದೆಯನ್ನು ಎರಡು ಭಾಗ ಮಾಡಿದರು. ಮೇಲೆ ಬಾಹ್ಯಾಕಾಶ, ಸೂಕ್ಷ್ಮ ಗೆರೆ, ಎರಡೇ ಬಣ್ಣ. ಕೆಳಗೆ ನೌಕೆಯ ಫಲಕ, ಸ್ವಲ್ಪ ಒರಟು ಚುಕ್ಕಿ, ನಾಲ್ಕು ಬಣ್ಣ. ಟಿ.ವಿ. ಮೇಲಿನಿಂದ ಕೆಳಕ್ಕೆ ಚಿತ್ರ ಎಳೆಯುತ್ತಿರುವಾಗಲೇ ನಡುವೆ ವಿಧಾನ ಬದಲಿಸುತ್ತಿದ್ದರು. ಎಂಟು ನಕ್ಷತ್ರ ಸಮೂಹ, ಒಂದೊಂದರಲ್ಲಿ 256 ಲೋಕ. ಅವನ್ನು ಎಲ್ಲೂ ಬರೆದಿಡಲೇ ಇಲ್ಲ. ಕೆಲವೇ ಬೀಜ ಸಂಖ್ಯೆಗಳಿಂದ ಬೇಕಾದಾಗ ಲೆಕ್ಕ ಹಾಕಿ ಹುಟ್ಟಿಸುತ್ತಿದ್ದರು. ಅದೇ ಬೀಜದಿಂದ ಪ್ರತಿ ಸಲವೂ ಅದೇ ಲೋಕ.

ಮತ್ತೆ ಕೆರೆ ಏರಿಗೆ

ಓದಿದ್ದು ಸಾಕು, ಮಾಡಿ ನೋಡೋಣ ಎಂದು ನಮ್ಮೂರ ಕೆರೆ ಏರಿಯನ್ನೇ ಕಮೊಡೋರ್ 64ರ ಒಂದು ಪರದೆಗೆ ಬರೆಯಲು ಕೂತೆ. ಹಳೇ ಯಂತ್ರ ಬೇಕಿಲ್ಲ. ಅದನ್ನು ಲ್ಯಾಪ್‌ಟಾಪಿನಲ್ಲೇ ಅನುಕರಿಸುವ ವೈಸ್ ಎಂಬ ಉಚಿತ ತಂತ್ರಾಂಶವಿದೆ. ಟೈಲ್ ಎಣಿಸಿಕೊಡಲು ಚಾರ್‌ಪ್ಯಾಡ್ ಇದೆ.

ಹೆಚ್ಚು ಬಣ್ಣದ ವಿಧಾನ ಆರಿಸಿಕೊಂಡೆ. ಅದರ ಕಟ್ಟಳೆ ಹೀಗಿದೆ: ಚುಕ್ಕಿಗಳು ಎರಡು ಪಟ್ಟು ಅಗಲವಾಗುತ್ತವೆ. ಮೂರು ಬಣ್ಣ ಇಡೀ ಪರದೆಗೆ ಸಾಮಾನ್ಯ, ಅವನ್ನು 16ರಲ್ಲಿ ಯಾವುದಾದರೂ ಆರಿಸಿಕೊಳ್ಳಬಹುದು. ನಾಲ್ಕನೆಯದು ಚೌಕಕ್ಕೊಂದು, ಆದರೆ ಮೊದಲ ಎಂಟು ಬಣ್ಣಗಳಲ್ಲೇ ಆರಿಸಬೇಕು. ನನಗೆ ಸಂಜೆಯ ಕಿತ್ತಳೆ ಬೇಕಿತ್ತು. ಕಿತ್ತಳೆ ಆ ಎಂಟರಲ್ಲಿಲ್ಲ. ಹಾಗಾಗಿ ಅದಕ್ಕೆ ಸಾಮಾನ್ಯ ಬಣ್ಣದ ಸ್ಥಾನವೊಂದನ್ನು ಕೊಡಬೇಕಾಯಿತು. ಕಂದು ಕೂಡ ಇಲ್ಲ, ಅದಕ್ಕೆ ಇನ್ನೊಂದು. ನೆರಳಿಗೆ ಕಪ್ಪು. ಸ್ಥಾನ ಮುಗಿಯಿತು. ಎಲೆಗೆ ಹಸಿರು, ನೀರಿಗೆ ನೀಲಿ ಚೌಕದ ಬಣ್ಣವಾಗಿ ಬಂದವು. ತಿಳಿನೀಲಿ ಆಕಾಶದ ಆಸೆ ಬಿಟ್ಟೆ.

ಬರೆದು ಮುಗಿಸಿ ಎಣಿಸಿದರೆ 412 ಬೇರೆ ಬೇರೆ ಟೈಲ್! ಮಿತಿ 256. ನೀರಿನಲ್ಲಿ ಮರದ ಪ್ರತಿಬಿಂಬ ಪುಕ್ಕಟೆ ಸಿಗುತ್ತದೆ, ಅದೇ ಟೈಲ್ ತಿರುಗಿಸಿದರಾಯಿತು ಎಂದುಕೊಂಡಿದ್ದೆ. ಆ ಚಿಪ್ಪಿಗೆ ಟೈಲನ್ನು ತಲೆಕೆಳಗು ಮಾಡಲು ಬರುವುದಿಲ್ಲ. ತಿರುಗಿಸಿದ ಟೈಲ್ ಅದರ ಲೆಕ್ಕದಲ್ಲಿ ಇನ್ನೊಂದು ಹೊಸ ಟೈಲ್. ಪ್ರತಿಬಿಂಬ ಪೂರ್ತಿ ತೆಗೆದು ಆರು ಅಲೆಗಳ ಟೈಲ್ ಮಾಡಿ ಕೆರೆಯ ತುಂಬ ಹರಡಿದೆ. ಎಲೆಗಳನ್ನು ಹನ್ನೆರಡು ಗೊಂಚಲಿಗೆ ಇಳಿಸಿದೆ. ಬಿಳಲುಗಳಲ್ಲಿ ನಾನು ಒಂದು ರಾತ್ರಿ ಕೂತು ತಂದಿದ್ದ ಬೆಳಕನ್ನು ಅಳಿಸುವಾಗ ಕೈ ಬರಲಿಲ್ಲ. ಎರಡು ದಿನ ಅದನ್ನು ಬಿಟ್ಟು ಬೇರೆಲ್ಲ ಕಡೆ ಉಳಿಸಲು ನೋಡಿದೆ. ಆಗಲಿಲ್ಲ. ಕೊನೆಗೆ ಅಳಿಸಿದೆ.

ಗ್ರಾಫ್ ಹಾಳೆ ಹರಡಿಕೊಂಡು ಚೌಕ ಎಣಿಸುತ್ತಿದ್ದಾಗ ಅವ್ವ ಬಂದು ಬಗ್ಗಿ ನೋಡಿದಳು. ‘ಏನವಾ ಇದು, ಕಸೂತಿ ಎಳಿ ಎಣಿಸಿದಂಗ ಎಣಸಾಕತ್ತೀಯಲ್ಲ!’ ಎಂದಳು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕುವುದಿಲ್ಲ, ನೇಯ್ಗೆಯ ಎಳೆ ಎಣಿಸಿಯೇ ಗೋಪುರ, ತೇರು, ನವಿಲು ತೆಗೆಯುತ್ತಾರೆ. ‘ಒಂದು ಎಳಿ ತಪ್ಪಿದ್ರ ಹಿಂದಿಂದೆಲ್ಲ ಬಿಚ್ಚಬೇಕು. ಅದಕ್ಕ ಮೊದ್ಲ ಎಣಿಸಿಕೊಂಡು ಕೂಡಬೇಕು’ ಎಂದು ಒಳಗೆ ಹೋದಳು. ನಾನು ಎರಡು ತಿಂಗಳಲ್ಲಿ ಕಲಿತದ್ದು ಅವಳಿಗೆ ಮೊದಲೇ ಗೊತ್ತಿತ್ತು.

ಕೊನೆಗೆ 231 ಟೈಲ್‌ಗೆ ನಿಂತಿತು. ಮೊದಲ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆ. ಎಷ್ಟೋ ಕಳೆದುಹೋಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ವಿಷಯ ಆಗಲೇ ಕಣ್ಣಿಗೆ ಬಿದ್ದದ್ದು. ಮೊದಲ ಚಿತ್ರದ ಮೇಲೆ ಓಡುವ ಹುಡುಗನನ್ನು ಇಟ್ಟರೆ ಅವನು ಎಲೆ, ಬಿಳಲುಗಳ ನಡುವೆ ಕಾಣೆಯಾಗುತ್ತಿದ್ದ. ಎಲ್ಲಿ ಕಾಲಿಡಬೇಕು, ಯಾವುದು ಬರೀ ನೆರಳು ಎಂಬುದೇ ತಿಳಿಯುತ್ತಿರಲಿಲ್ಲ. ಹೊಸದರಲ್ಲಿ ಏರಿಯ ದಾರಿ ಸ್ಪಷ್ಟ, ಹುಡುಗ ಸ್ಪಷ್ಟ. ಹಿನ್ನೆಲೆಯ ಕೆಲಸ ಅವನಿಗೆ ಜಾಗ ಮಾಡಿಕೊಡುವುದು. ನಾನು ಗೋಡೆಗೆ ತೂಗುಹಾಕುವ ಚಿತ್ರ ಬರೆದಿದ್ದೆ.

ಕೆಲಸ ಹುಡುಕುವವರಿಗೆ

ಇದು ಬರೀ ಹಳೇ ಕಾಲದ ಕಥೆ ಎಂದುಕೊಳ್ಳಬೇಡಿ. ಇಂದಿನ ಎರಡು ಆಯಾಮದ ಮೊಬೈಲ್ ಆಟಗಳಲ್ಲೂ ಟೈಲ್ ಪದ್ಧತಿ ಹಾಗೆಯೇ ಇದೆ. ಅಂಕಿಗಳು ದೊಡ್ಡದಾಗಿವೆ, ಅಷ್ಟೆ. ಕಡಿಮೆ ಬೆಲೆಯ ಫೋನಿನಲ್ಲೂ ಆಟ ಓಡಬೇಕು, ಡೌನ್‌ಲೋಡ್ ಸಣ್ಣದಿರಬೇಕು.

ದುಬಾರಿ ಲ್ಯಾಪ್‌ಟಾಪ್, ಗ್ರಾಫಿಕ್ ಕಾರ್ಡ್ ಇಲ್ಲ ಎಂದು ಕೈಚೆಲ್ಲಿ ಕೂತವರು ಇಲ್ಲಿಂದ ಶುರು ಮಾಡಬಹುದು. ಚುಕ್ಕಿಚಿತ್ರಕ್ಕೆ ಲಿಬ್ರೆಸ್ಪ್ರೈಟ್ ಇದೆ, ಬ್ರೌಸರ್‌ನಲ್ಲೇ ಬಳಸುವ ಪಿಸ್ಕೆಲ್ ಇದೆ. ಟೈಲ್ ಜೋಡಿಸಲು ಟೈಲ್ಡ್ ಇದೆ. ಹಳೇ ಕಂಪ್ಯೂಟರ್‌ಗಳ ಬಣ್ಣದ ಕಟ್ಟಳೆಯೊಳಗೇ ಬರೆಯಬೇಕೆಂದರೆ ಮಲ್ಟಿಪೇಂಟ್ ಇದೆ. ಎಲ್ಲವೂ ಉಚಿತ. ಸ್ಪೆಕ್ಟ್ರಮ್ ಆಟಗಳನ್ನು ಆಡಿ ನೋಡಲು ಫ್ಯೂಸ್ ಇದೆ.

ಒಂದು ವಾರದ ಅಭ್ಯಾಸ ಹೇಳುತ್ತೇನೆ. ನಿಮ್ಮೂರಿನ ಒಂದು ಜಾಗ ಆರಿಸಿ. ಬಸ್ ಸ್ಟ್ಯಾಂಡ್, ಸಂತೆ, ಗುಡ್ಡ, ಏನಾದರೂ ಸರಿ. ಬರೆಯುವ ಮೊದಲು ಮಿತಿ ಬರೆದಿಡಿ: 64 ಟೈಲ್, 8 ಬಣ್ಣ. ಮೊದಲು ನಾಯಕ ನಡೆಯುವ ದಾರಿ ಗುರುತಿಸಿ. ಆಮೇಲೆ ಹೆಚ್ಚು ಜಾಗ ತಿನ್ನುವ ನೆಲ, ಗೋಡೆ, ಆಕಾಶ ಬರೆಯಿರಿ. ಮಿಕ್ಕ ಟೈಲ್‌ಗಳನ್ನು ಆ ಜಾಗದ ಗುರುತಿಗೆ ಮೀಸಲಿಡಿ. ನನಗೆ ಅದು ಆಲದಮರ, ನಿಮಗೆ ಗಡಿಯಾರದ ಕಂಬವಿರಬಹುದು. ಮುಗಿದ ಮೇಲೆ ಇಡೀ ಚಿತ್ರವನ್ನು ಕಪ್ಪು–ಬಿಳುಪು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ. ದಾರಿ ಕಾಣದಿದ್ದರೆ ತಿದ್ದಿ.

ಪೋರ್ಟ್‌ಫೋಲಿಯೊದಲ್ಲಿ ಚಿತ್ರದ ಜತೆ ಲೆಕ್ಕದ ಹಾಳೆಯನ್ನೂ ಇಡಿ. ಎಷ್ಟು ಟೈಲ್, ಎಷ್ಟು ಬಣ್ಣ, ಏನನ್ನು ಯಾಕೆ ತೆಗೆದೆ ಎಂಬುದು ಅದರಲ್ಲಿರಲಿ.

ನನ್ನನ್ನು ತಿರಸ್ಕರಿಸಿದ ಕಂಪನಿಗೆ ಹೊಸ ಚಿತ್ರ ಕಳಿಸಿದಾಗ ಆ ಹುದ್ದೆ ಭರ್ತಿಯಾಗಿತ್ತು. ಆಮೇಲೆ ನಾಲ್ಕು ಕಡೆ ಅರ್ಜಿ ಹಾಕಿದೆ. ಮೂರು ಕಡೆಯಿಂದ ಉತ್ತರವೇ ಇಲ್ಲ. ನಾಲ್ಕನೆಯ ಕಡೆ ಸಂದರ್ಶನಕ್ಕೆ ಕರೆದರು. ಎದುರಿಗಿದ್ದವರು ದೊಡ್ಡ ಚಿತ್ರವನ್ನು ಅರೆಕ್ಷಣ ನೋಡಿ ಪುಟ ತಿರುಗಿಸಿದರು. ಗ್ರಾಫ್ ಹಾಳೆಯ ಮೇಲೆ ಬೆರಳಿಟ್ಟು, ‘412 ಇದ್ದದ್ದು 231 ಹೇಗಾಯಿತು, ಹೇಳಿ’ ಎಂದರು. ಅರ್ಧ ಗಂಟೆ ಅದನ್ನೇ ಹೇಳಿದೆ. ಈಗ ಅಲ್ಲಿ ಇಂಟರ್ನ್ ಆಗಿ ಮೂರು ತಿಂಗಳಾಯಿತು. ಸಂಬಳ ಕಮ್ಮಿ, ಕೆಲಸ ಕಾಯಂ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಮೊನ್ನೆ ನನಗೆ ಕೊಟ್ಟ ಹೊಸ ಹಿನ್ನೆಲೆಯ ಕೆಲಸದಲ್ಲಿ ಫೈಲ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಎಣಿಸಿದೆ. ಪಕ್ಕದಲ್ಲಿ ಕೂತ ಹುಡುಗ ‘ಇನ್ನೂ ಶುರು ಮಾಡಿಲ್ವಾ?’ ಎಂದ. ‘ಶುರು ಮಾಡಿ ಒಂದು ತಾಸಾಯ್ತು’ ಎಂದೆ.